ಕಾಂಟಿಕಿ-ಎನ್‌ಜಿ: ನಮ್ಮದೇ ಐಸಿಎಂಪಿ6 ಹ್ಯಾಂಡ್ಲರ್ ಸೇರಿಸಿದ ಮೇಲೆ ಜಾಲದ ತುಂಬ ಒಂದೇ ಪ್ಯಾಕೆಟ್ ಸುತ್ತುತ್ತಿದೆ

ಬೆಸುಗೆಕಡ್ಡಿ

ಎಲ್ಲರಿಗೂ ನಮಸ್ಕಾರ. ಕಾಂಟಿಕಿ-ಎನ್‌ಜಿ (ಬ್ಯಾಟರಿಯಲ್ಲಿ ಓಡುವ ಚಿಕ್ಕ ಬೋರ್ಡುಗಳ ಆಪರೇಟಿಂಗ್ ಸಿಸ್ಟಮ್) ಬಳಸುವವರು ಇಲ್ಲಿ ಕೆಲವರಿದ್ದೀರಿ ಅಂತ ಗೊತ್ತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಸಿಸಿ2538 ಚಿಪ್‌ನ ಬೋರ್ಡುಗಳು, 32 ಕೆಬಿ ರ‍್ಯಾಮ್. ಕೆಳಗೆ 802.15.4 ರೇಡಿಯೊ, ಅದರ ಮೇಲೆ 6ಲೋಪ್ಯಾನ್, ಐಪಿವಿ6, ದಾರಿ ಹುಡುಕಲು ಆರ್‌ಪಿಎಲ್. ಅಕ್ಕಪಕ್ಕದ ನೋಡ್‌ಗಳ ಬ್ಯಾಟರಿ ಎಷ್ಟಿದೆ ಅಂತ ಕೇಳಲು ಒಂದು ಚಿಕ್ಕ ಸಂದೇಶ ಬೇಕಿತ್ತು. ಅದನ್ನು ಐಸಿಎಂಪಿ6ನಲ್ಲಿ, ಅಂದರೆ ಐಪಿವಿ6 ಜಾಲದ ತಪಾಸಣೆ ಮತ್ತು ನಿಯಂತ್ರಣದ ಸಂದೇಶಗಳ ಪ್ರೋಟೊಕಾಲ್‌ನಲ್ಲಿ, ಕಳಿಸೋಣ ಅಂದುಕೊಂಡೆ. ಅದರ ಮಾನದಂಡದ ದಾಖಲೆ ಆರ್‌ಎಫ್‌ಸಿ 4443ರಲ್ಲಿ 200 ಮತ್ತು 201ನೇ ಟೈಪ್‌ಗಳನ್ನು ಖಾಸಗಿ ಪ್ರಯೋಗಕ್ಕೆ ಬಿಟ್ಟಿದ್ದಾರೆ. ಹಾಗಾಗಿ ಪ್ರಶ್ನೆಗೆ 200, ಉತ್ತರಕ್ಕೆ 201 ಅಂತ ಇಟ್ಟುಕೊಂಡೆ. ಪ್ರಶ್ನೆ ಎಫ್‌ಎಫ್‌02::1 ವಿಳಾಸಕ್ಕೆ, ಅಂದರೆ ಕೇಳಿಸಿಕೊಳ್ಳುವ ಎಲ್ಲ ನೋಡ್‌ಗಳಿಗೂ ಹೋಗುತ್ತದೆ. ಅದರ ಮೊದಲ ಬೈಟ್ ಗುಂಪಿನ ಸಂಖ್ಯೆ.

ಹ್ಯಾಂಡ್ಲರ್ (ಆ ಟೈಪ್‌ನ ಸಂದೇಶ ಬಂದಾಗ ನೆಟ್‌ವರ್ಕ್ ಕೋಡ್ ಕರೆಯುವ ಫಂಕ್ಷನ್) ಏನೂ ದೊಡ್ಡದಲ್ಲ. ಗುಂಪಿನ ಸಂಖ್ಯೆ ನೋಡುತ್ತದೆ. ನನ್ನ ಗುಂಪೇ ಆಗಿದ್ದರೆ ವೋಲ್ಟೇಜ್ ಅಳೆದು ಯುಐಪಿ_ಐಸಿಎಂಪಿ6_ಸೆಂಡ್ ಮೂಲಕ 201 ಕಳಿಸುತ್ತದೆ. ಅಲ್ಲದಿದ್ದರೆ ಸುಮ್ನೆ ರಿಟರ್ನ್.

ಮೇಜಿನ ಮೇಲೆ ಒಂದೇ ಗುಂಪಿನ ಬೋರ್ಡುಗಳಿದ್ದಾಗ ಎಲ್ಲ ಸರಿ. ಬೇರೆ ಬೇರೆ ಗುಂಪಿನವನ್ನು ಒಟ್ಟಿಗೆ ಆನ್ ಮಾಡಿದ ಕೂಡಲೇ ಗದ್ದಲ ಶುರು. ಗಾಳಿಯಲ್ಲಿನ ಪ್ಯಾಕೆಟ್ ತೋರಿಸುವ ಸ್ನಿಫರ್‌ನಲ್ಲಿ ಅದೇ 200ನೇ ಟೈಪ್ ಪ್ಯಾಕೆಟ್ ಎಡೆಬಿಡದೆ ಕಾಣುತ್ತಿದೆ. ಪ್ರಶ್ನೆ ಕಳಿಸಿದ ನೋಡ್‌ನ ಬ್ಯಾಟರಿ ಕಿತ್ತರೂ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ಆರ್‌ಪಿಎಲ್‌ನ ದಾರಿ ಸಾರುವ ಡಿಐಒ ಸಂದೇಶಗಳಿಗೂ ಜಾಗ ಸಿಗದೆ ನೋಡ್‌ಗಳು ಪೇರೆಂಟ್ (ಡೇಟಾ ಮೇಲಕ್ಕೆ ಕಳಿಸಲು ಆರಿಸಿಕೊಂಡ ನೆರೆಯ ನೋಡ್) ಕಳೆದುಕೊಳ್ಳುತ್ತಿವೆ. ರೇಡಿಯೊ ಫ್ರೇಮ್ ಕಳಿಸುವ ಮ್ಯಾಕ್ ಪದರವೇ ಮತ್ತೆ ಮತ್ತೆ ಕಳಿಸುತ್ತಿದೆಯೇ? ಎಲ್ಲಿ ನೋಡಲಿ?

ರಾತ್ರಿಪಾಳಿ

ಮ್ಯಾಕ್ ಪದರದ್ದಲ್ಲ. ಎಫ್‌ಎಫ್‌02::1ಕ್ಕೆ ಹೋಗುವುದು ರೇಡಿಯೊ ಮಟ್ಟದಲ್ಲಿ ಬ್ರಾಡ್‌ಕಾಸ್ಟ್ ಫ್ರೇಮ್. ಅದಕ್ಕೆ ಅಕ್ನಾಲೆಜ್‌ಮೆಂಟ್ ಇಲ್ಲ. ಅದು ಇಲ್ಲದ ಮೇಲೆ "ಬರಲಿಲ್ಲ, ಮತ್ತೆ ಕಳಿಸು" ಅನ್ನುವ ಪ್ರಶ್ನೆಯೂ ಏಳುವುದಿಲ್ಲ.

ಎರಡು ವಿಷಯ ನೋಡಿ ಹೇಳಿ. ಮರಳಿ ಬರುವ ಪ್ಯಾಕೆಟ್‌ಗಳಲ್ಲಿ ಮ್ಯಾಕ್ ಮೂಲ ವಿಳಾಸ ಒಂದೇ ಇದೆಯೇ, ಬದಲಾಗುತ್ತಿದೆಯೇ? ಮೊದಲ ಫ್ರೇಮಿಗೂ ಆಮೇಲಿನ ಫ್ರೇಮಿಗೂ ಉದ್ದದಲ್ಲಿ ವ್ಯತ್ಯಾಸ ಇದೆಯೇ?

ಬೆಸುಗೆಕಡ್ಡಿ

ನೋಡಿದೆ. ಐಪಿವಿ6 ಮೂಲ ವಿಳಾಸ ಎಲ್ಲದರಲ್ಲೂ ಒಂದೇ, ಪ್ರಶ್ನೆ ಕೇಳಿದ ನೋಡ್‌ನದ್ದು. ಮ್ಯಾಕ್ ವಿಳಾಸ ಮಾತ್ರ ಬೇರೆ ಬೇರೆ. ಉದ್ದವೂ ಬೇರೆ! ಮೊದಲನೆಯ ಫ್ರೇಮಿಗಿಂತ ಆಮೇಲಿನವು ಸರಿಯಾಗಿ 8 ಬೈಟ್ ಜಾಸ್ತಿ ಇವೆ. ಪೇಲೋಡ್ ನೋಡಿದರೆ ಅದೇ ಇದೆ. ಆ 8 ಬೈಟ್ ಎಲ್ಲಿಂದ ಬಂತು?

ಹಳೇಬಫರ್

ಆ 8 ಬೈಟೇ ಸಾಕ್ಷಿ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಏಕೆಂದರೆ ಇದು ಕಾಂಟಿಕಿಯಲ್ಲಿ ಐಸಿಎಂಪಿ ಮುಟ್ಟುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ವಿಷಯ.

802.15.4 ಫ್ರೇಮ್ 127 ಬೈಟ್ ಮಾತ್ರ. ಐಪಿವಿ6 ಹೆಡರ್ ಒಂದೇ 40 ಬೈಟ್. ಅದಕ್ಕೇ 6ಲೋಪ್ಯಾನ್ ಹೆಡರನ್ನು ಕುಗ್ಗಿಸುತ್ತದೆ (ಆರ್‌ಎಫ್‌ಸಿ 6282). ನೋಡ್ ತನ್ನದೇ ಲಿಂಕ್-ಲೋಕಲ್ (ನೇರ ನೆರೆಯವರ ನಡುವೆ ಮಾತ್ರ ನಡೆಯುವ) ವಿಳಾಸದಿಂದ ಕಳಿಸಿದಾಗ ಮೂಲ ವಿಳಾಸವನ್ನು ಬರೆಯುವುದೇ ಇಲ್ಲ. ಮ್ಯಾಕ್ ವಿಳಾಸದಿಂದಲೇ ಅದು ಗೊತ್ತಾಗುತ್ತದೆ. ಈಗ ಅದೇ ಪ್ಯಾಕೆಟನ್ನು ಬೇರೊಂದು ನೋಡ್ ಗಾಳಿಗೆ ಬಿಟ್ಟರೆ? ಐಪಿವಿ6 ಮೂಲ ವಿಳಾಸ ಮೊದಲಿನವನದ್ದು, ಮ್ಯಾಕ್ ವಿಳಾಸ ಇವನದ್ದು. ಒಂದರಿಂದ ಇನ್ನೊಂದು ಸಿಗುವುದಿಲ್ಲ. ಹಾಗಾಗಿ ವಿಳಾಸದ ಕೊನೆಯ 64 ಬಿಟ್ಟನ್ನು ಪೂರ್ತಿ ಬರೆಯಬೇಕಾಗುತ್ತದೆ. 64 ಬಿಟ್ ಅಂದರೆ 8 ಬೈಟ್. ಅಂದರೆ ನಿಮ್ಮ ಉಳಿದ ನೋಡ್‌ಗಳು ಬಂದ ಪ್ರಶ್ನೆಯನ್ನೇ ಹಾಗೇ ಹೊರಗೆ ಕಳಿಸುತ್ತಿವೆ.

ಏಕೆ ಕಳಿಸುತ್ತಿವೆ? ಪ್ಯಾಕೆಟ್ ಒಳಗೆ ಬರುವ ದಾರಿ ನೋಡಿ. ರೇಡಿಯೊದಿಂದ ಬಂದದ್ದು 6ಲೋಪ್ಯಾನ್‌ನಲ್ಲಿ ಬಿಚ್ಚಿಕೊಂಡು ಯುಐಪಿ_ಬಫ್ ಅನ್ನುವ ಬಫರಿಗೆ ಬೀಳುತ್ತದೆ. ಇಡೀ ಐಪಿ ಪದರಕ್ಕೆ ಇರುವುದು ಈ ಒಂದೇ ಬಫರ್. ಅದರಲ್ಲಿ ಎಷ್ಟು ಬೈಟ್ ಇದೆ ಅನ್ನುವುದು ಯುಐಪಿ_ಲೆನ್‌ನಲ್ಲಿ. ಆಮೇಲೆ ಐಪಿವಿ6 ಹೆಡರ್ ನೋಡಿ, ಎಕ್ಸ್‌ಟೆನ್ಷನ್ ಹೆಡರ್‌ಗಳನ್ನು ದಾಟಿ, ಐಸಿಎಂಪಿ6 ಅಂತ ಗೊತ್ತಾದರೆ ಚೆಕ್‌ಸಮ್ ಪರೀಕ್ಷೆ. ಅದು ಸರಿ ಇದ್ದರೆ ಯುಐಪಿ_ಐಸಿಎಂಪಿ6_ಇನ್‌ಪುಟ್ ಅನ್ನುವ ಫಂಕ್ಷನ್‌ಗೆ ಟೈಪ್ ಮತ್ತು ಕೋಡ್ ಕೊಡುತ್ತಾರೆ. ಅದು ನೋಂದಾಯಿಸಿದ ಹ್ಯಾಂಡ್ಲರ್‌ಗಳ ಪಟ್ಟಿಯನ್ನು ತಲೆಯಿಂದ ಹುಡುಕಿ, ಮೊದಲು ಹೊಂದಿದ್ದನ್ನು ಕರೆಯುತ್ತದೆ. ಯಾವುದೂ ಹೊಂದದಿದ್ದರೆ ಎರರ್ ಹಿಂದಿರುಗಿಸುತ್ತದೆ, ಪ್ಯಾಕೆಟ್ ಬೀಳುತ್ತದೆ.

ಹ್ಯಾಂಡ್ಲರ್ ಮುಗಿದ ಮೇಲೆ ನಡೆಯುವುದೇ ನಿಮ್ಮ ಸಮಸ್ಯೆ. ಕೋಡ್ ಒಂದೇ ಪ್ರಶ್ನೆ ಕೇಳುತ್ತದೆ: ಯುಐಪಿ_ಲೆನ್ ಸೊನ್ನೆಗಿಂತ ಹೆಚ್ಚಿದೆಯೇ? ಹೆಚ್ಚಿದ್ದರೆ ಬಫರಿನಲ್ಲಿ ಇರುವುದು ಉತ್ತರ ಅಂತಲೇ ತಿಳಿದು ಹೊರಗೆ ಕಳಿಸುತ್ತದೆ. ಸೊನ್ನೆ ಆಗಿದ್ದರೆ ಬಿಡುತ್ತದೆ. "ಹ್ಯಾಂಡ್ಲರೇ ಯುಐಪಿ_ಲೆನ್ ಸೊನ್ನೆ ಮಾಡಬೇಕು" ಅಂತ ಅಲ್ಲೇ ಕಾಮೆಂಟ್ ಇದೆ.

ನಿಮ್ಮ ಹ್ಯಾಂಡ್ಲರ್ ಉತ್ತರ ಕಳಿಸುವ ದಾರಿಯಲ್ಲಿ ಯುಐಪಿ_ಐಸಿಎಂಪಿ6_ಸೆಂಡ್ ಕರೆಯುತ್ತದೆ. ಕಳಿಸಿ ಮುಗಿಯುವಾಗ ಬಫರ್ ತಾನೇ ಖಾಲಿ ಆಗುತ್ತದೆ. ಹಾಗಾಗಿ ಒಂದೇ ಗುಂಪು ಇದ್ದಾಗ ಏನೂ ಕಾಣಲಿಲ್ಲ. "ನನ್ನ ಗುಂಪಲ್ಲ" ಅನ್ನುವ ದಾರಿಯಲ್ಲಿ ಬರೀ ರಿಟರ್ನ್ ಇದೆ. ಬಫರಿನಲ್ಲಿ ಪ್ರಶ್ನೆ ಹಾಗೇ ಉಳಿಯಿತು. ಗುರಿ ವಿಳಾಸ ಎಫ್‌ಎಫ್‌02::1. ಹೊರಟಿತು ಮತ್ತೆ ಎಲ್ಲರ ಕಡೆಗೆ. ಇದು ಫಾರ್ವರ್ಡ್ ಮಾಡುವ ದಾರಿ ಅಲ್ಲ, ಆದ್ದರಿಂದ ಹಾಪ್ ಲಿಮಿಟ್ (ಇನ್ನೆಷ್ಟು ನೋಡ್ ದಾಟಬಹುದು ಅನ್ನುವ ಎಣಿಕೆ) ಕೂಡ ಇಳಿಯುವುದಿಲ್ಲ. ಅದಕ್ಕೇ ತಾನಾಗಿ ಸಾಯುವುದಿಲ್ಲ. ಪ್ರಶ್ನೆ ಕೇಳಿದವನನ್ನು ಕಿತ್ತರೂ ಉಳಿದವರು ಒಬ್ಬರಿಗೊಬ್ಬರು ಎಸೆದುಕೊಳ್ಳುತ್ತಿರುತ್ತಾರೆ.

ಪರಿಹಾರ ಒಂದು ಸಾಲು: ಯುಐಪಿಬಫ್_ಕ್ಲಿಯರ್. ಆದರೆ ಅದನ್ನು ಆ ಒಂದು ರಿಟರ್ನ್ ಮುಂದೆ ಅಂಟಿಸಬೇಡಿ. ಆರ್‌ಪಿಎಲ್‌ನ ಕೋಡ್ ನೋಡಿ. ಅದರ ಸಂದೇಶಗಳಾದ ಡಿಐಎಸ್, ಡಿಐಒ, ಡಿಎಒ ಯಾವುದರ ಹ್ಯಾಂಡ್ಲರ್ ತೆಗೆದರೂ ಕೊನೆಯಲ್ಲಿ ಡಿಸ್ಕಾರ್ಡ್ ಅನ್ನುವ ಒಂದೇ ಲೇಬಲ್, ಅಲ್ಲಿ ಬಫರ್ ಖಾಲಿ. ನಡುವೆ ಏನು ಕೆಟ್ಟರೂ ಗೋಟು ಹಾಕಿ ಅಲ್ಲಿಗೇ ಬರುತ್ತಾರೆ. ಗೋಟು ಬಳಸಬಾರದು ಅಂತ ಕಾಲೇಜಿನಲ್ಲಿ ಕಲಿಸಿರುತ್ತಾರೆ. ಇಲ್ಲಿ ಅದೇ ಸರಿಯಾದ ಬರವಣಿಗೆ. ನಾಳೆ ಇನ್ನೊಬ್ಬರು ಬಂದು ಹೊಸ ಷರತ್ತು ಸೇರಿಸಿದರೂ ಹೊರಹೋಗುವ ಬಾಗಿಲು ಒಂದೇ ಇರುತ್ತದೆ.

ಮೊದಲಪಿಂಗ್

ಸರ್, ನಾನಿನ್ನೂ ಓದುತ್ತಿದ್ದೇನೆ, ಒಂದು ಪ್ರಶ್ನೆ. ಖಾಲಿ ಮಾಡುವ ಕೆಲಸ ಹ್ಯಾಂಡ್ಲರ್‌ಗೆ ಏಕೆ ಬಿಟ್ಟರು? ಕರೆದ ಫಂಕ್ಷನ್ನೇ ಆಮೇಲೆ ಖಾಲಿ ಮಾಡಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ, ಅಲ್ವಾ?

ಹಳೇಬಫರ್

ಒಳ್ಳೆ ಪ್ರಶ್ನೆ. ಪಿಂಗ್‌ಗೆ ಉತ್ತರ ಕೊಡುವ ಕೋಡ್ ಓದಿ, ಅಲ್ಲಿ ಕಾರಣ ಸಿಗುತ್ತದೆ.

ಎಕೋ ರಿಕ್ವೆಸ್ಟ್ ಟೈಪ್ 128, ಎಕೋ ರಿಪ್ಲೈ 129. ಉತ್ತರದಲ್ಲಿ ಬಂದ ಡೇಟಾವನ್ನೇ ಹಿಂದಿರುಗಿಸಬೇಕು. ಹಾಗಾದರೆ ಹೊಸ ಪ್ಯಾಕೆಟ್ ಕಟ್ಟುವುದು ಏಕೆ? ಬಂದದ್ದರಲ್ಲೇ ಮೂಲ ಮತ್ತು ಗುರಿ ವಿಳಾಸ ಅದಲುಬದಲು, 128 ಇದ್ದಲ್ಲಿ 129, ಚೆಕ್‌ಸಮ್ ಹೊಸದು. ಮುಗಿಯಿತು. ಡೇಟಾ ಒಂದು ಬೈಟೂ ಅಲ್ಲಾಡುವುದಿಲ್ಲ. ಪ್ರಶ್ನೆ ಮಲ್ಟಿಕಾಸ್ಟ್‌ಗೆ ಬಂದಿದ್ದರೆ ಮಾತ್ರ ತನ್ನದೊಂದು ಮೂಲ ವಿಳಾಸ ಆರಿಸಿಕೊಳ್ಳುತ್ತದೆ. ಹ್ಯಾಂಡ್ಲರ್ ಮುಗಿದಾಗ ಬಫರಿನಲ್ಲಿ ಉತ್ತರ ಸಿದ್ಧ, ಯುಐಪಿ_ಲೆನ್ ಹಾಗೇ ಇದೆ. ಕರೆದವರು ಅದನ್ನು ಖಾಲಿ ಮಾಡಿದ್ದರೆ ಪಿಂಗ್ ಉತ್ತರವೇ ಹೋಗುತ್ತಿರಲಿಲ್ಲ.

ಇದು ಜಿಪುಣತನ ಅಲ್ಲ, ಆ ಕಾಲದ ಯಂತ್ರಗಳಿಗೆ ತಕ್ಕ ಲೆಕ್ಕ. ಕಾಂಟಿಕಿಯೊಳಗಿನ ಐಪಿ ಸ್ಟ್ಯಾಕ್ ಆದ ಯುಐಪಿ ಬರೆದದ್ದು ಸ್ವೀಡನ್ನಿನ ಎಸ್‌ಐಸಿಎಸ್ ಸಂಸ್ಥೆಯಲ್ಲಿದ್ದ ಆಡಮ್ ಡಂಕೆಲ್ಸ್. 8 ಬಿಟ್ ಪ್ರೊಸೆಸರಿನಲ್ಲೂ ಟಿಸಿಪಿ/ಐಪಿ ಓಡಬೇಕು ಅನ್ನುವುದು ಗುರಿ. ಕಾಂಟಿಕಿ ಹುಟ್ಟಿದ್ದೂ ಅಲ್ಲೇ. 2008ರಲ್ಲಿ ಸಿಸ್ಕೊ, ಅಟ್ಮೆಲ್ ಜೊತೆ ಸೇರಿ ಅದಕ್ಕೆ ಐಪಿವಿ6 ತಂದರು. ಆ ದಿನಗಳಲ್ಲಿ ಎಲ್ಲರ ಕೈಯಲ್ಲಿ ಇದ್ದದ್ದು ಟಿಮೋಟ್ ಸ್ಕೈ ಬೋರ್ಡ್. ಅದರ ರ‍್ಯಾಮ್ 10 ಕೆಬಿ. ಐಪಿವಿ6 ಕೇಳುವ ಕನಿಷ್ಠ ಎಂಟಿಯು (ಒಂದೇ ಸಲಕ್ಕೆ ಒಯ್ಯಬಲ್ಲ ಪ್ಯಾಕೆಟ್ ಗಾತ್ರ) 1280 ಬೈಟ್. ಪೂರ್ತಿ 1280ರ ಬಫರ್ ಒಂದು ಇಟ್ಟರೇ ಎಂಟನೇ ಒಂದು ಭಾಗ ಹೋಯಿತು. ಬರುವುದಕ್ಕೊಂದು, ಹೋಗುವುದಕ್ಕೊಂದು ಅಂತ ಇಟ್ಟರೆ ಕಾಲು ಭಾಗ. ಉಳಿದದ್ದರಲ್ಲಿ ಆರ್‌ಪಿಎಲ್, ನೆರೆಯವರ ಪಟ್ಟಿ, ಅಪ್ಲಿಕೇಶನ್ ಎಲ್ಲ ಹಿಡಿಯಬೇಕು.

ಒಂದೇ ಕಾವಲಿ ಇರುವ ಮನೆಯಲ್ಲಿ ಹಿಂದಿನ ದೋಸೆ ತೆಗೆಯದೆ ಮುಂದಿನದು ಹುಯ್ಯಲು ಆಗುವುದಿಲ್ಲ. ಹುಯ್ದವರೇ ತೆಗೆಯಬೇಕು. ಕಾಂಟಿಕಿಯ ಒಪ್ಪಂದ ಅಷ್ಟೇ. ಹ್ಯಾಂಡ್ಲರ್ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ್ದು "ಸಂದೇಶ ಬಂದರೆ ಏನು ಮಾಡಲಿ" ಅಂತಲ್ಲ, "ನಾನು ಹೊರಡುವಾಗ ಬಫರಿನಲ್ಲಿ ಏನಿರುತ್ತದೆ" ಅಂತ.

ಚಿಕ್ಕಕರ್ನಲ್

ಬೇರೆ ಕಡೆ ಹೇಗೆ ಮಾಡಿದ್ದಾರೆ ಅಂತ ಸೇರಿಸುತ್ತೇನೆ. ಒಂದರಿಂದ ಇನ್ನೊಂದಕ್ಕೆ ಹೋಗುವವರು ಎಡವುವುದು ಇಲ್ಲೇ.

ರಯಟ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ (ಬರ್ಲಿನ್, ಹ್ಯಾಂಬರ್ಗ್ ಮತ್ತು ಫ್ರಾನ್ಸಿನ ಇನ್ರಿಯಾದವರು ಸೇರಿ ಕಟ್ಟಿದ್ದು) ಜಿಎನ್‌ಆರ್‌ಸಿ ಅನ್ನುವ ಸ್ಟ್ಯಾಕ್ ಇದೆ. ಅಲ್ಲಿ ಹಂಚಿಕೆಯ ಪ್ಯಾಕೆಟ್ ಬಫರ್, ಪ್ರತಿ ಪ್ಯಾಕೆಟ್ಟಿಗೂ ಎಷ್ಟು ಜನ ಹಿಡಿದಿದ್ದಾರೆ ಅನ್ನುವ ಎಣಿಕೆ. "ನನಗೆ ಈ ಟೈಪ್ ಐಸಿಎಂಪಿ6 ಬೇಕು" ಅಂತ ಎಷ್ಟು ಥ್ರೆಡ್‌ಗಳು ಬೇಕಾದರೂ ಹೆಸರು ಕೊಡಬಹುದು, ಎಲ್ಲರಿಗೂ ಸಿಗುತ್ತದೆ. ಕಾಂಟಿಕಿಯಲ್ಲಿ ಹಾಗಲ್ಲ, ಮೊದಲು ಹೊಂದಿದವನೊಬ್ಬನಿಗೇ. ಆದರೆ ರಯಟ್‌ನಲ್ಲಿ ಬೇರೆ ಜವಾಬ್ದಾರಿ ಇದೆ. ನೋಡಿ ಮುಗಿದ ಮೇಲೆ ರಿಲೀಸ್ ಕರೆಯಲೇಬೇಕು. ಕರೆಯದಿದ್ದರೆ ಗದ್ದಲ ಏಳುವುದಿಲ್ಲ, ಬದಲಿಗೆ ಬಫರ್ ಮೆಲ್ಲಗೆ ತುಂಬಿಕೊಂಡು ಕೊನೆಗೆ ನೋಡ್ ಕಿವುಡಾಗುತ್ತದೆ. ಅದನ್ನು ಹಿಡಿಯುವುದು ನಿಮ್ಮ ಈ ಗದ್ದಲ ಹಿಡಿಯುವುದಕ್ಕಿಂತ ಕಷ್ಟ. ಪ್ಯಾಕೆಟ್ಟಿನಲ್ಲಿ ಏನಾದರೂ ಬದಲಿಸಬೇಕಿದ್ದರೆ ಮೊದಲು ಬರೆಯಲು ಅನುಮತಿ ಕೇಳಬೇಕು. ಇನ್ನೊಬ್ಬರೂ ಹಿಡಿದಿದ್ದರೆ ಆಗ ನಿಮಗೆ ಬೇರೆ ಪ್ರತಿ ಸಿಗುತ್ತದೆ.

ಎಲ್‌ಡಬ್ಲ್ಯೂಐಪಿ (ಚಿಕ್ಕ ಯಂತ್ರಗಳ ಇನ್ನೊಂದು ಐಪಿ ಸ್ಟ್ಯಾಕ್, ಇದೂ ಡಂಕೆಲ್ಸ್ ಅವರದ್ದೇ, ಇಎಸ್‌ಪಿ32 ಚಿಪ್ ಬಳಸುವವರೆಲ್ಲ ದಿನಾ ಬಳಸುತ್ತಿರುವುದು) ನೋಂದಾಯಿಸುವ ಪಟ್ಟಿ ಇಟ್ಟಿಲ್ಲ. ಐಸಿಎಂಪಿ_ಇನ್‌ಪುಟ್ ಒಳಗೆ ಸ್ವಿಚ್ ಅಷ್ಟೇ. ನಿಮಗೆ ಬೇಕಾದ ಟೈಪ್ ಹಿಡಿಯಬೇಕಿದ್ದರೆ ರಾ ಪಿಸಿಬಿ (ಒಂದು ಪ್ರೋಟೊಕಾಲ್‌ನ ಪ್ಯಾಕೆಟ್‌ಗಳನ್ನು ನೇರವಾಗಿ ಪಡೆಯುವ ಕೊಂಡಿ) ತೆರೆಯಬೇಕು. ಅದರ ಕಾಲ್‌ಬ್ಯಾಕ್ 1 ಹಿಂದಿರುಗಿಸಿದರೆ "ನಾನು ತಿಂದೆ" ಅಂತ ಅರ್ಥ, ಆಗ ಪಿಬಫ್ (ಪ್ಯಾಕೆಟ್ ಇರುವ ಬಫರ್) ಬಿಡುಗಡೆ ಮಾಡುವುದು ನಿಮ್ಮ ಹೊಣೆ. 0 ಅಂದರೆ ಪ್ಯಾಕೆಟ್ ಮುಂದಕ್ಕೆ ಹೋಗುತ್ತದೆ. 0 ಹಿಂದಿರುಗಿಸಿ ಪಿಬಫ್ ಕೂಡ ಬಿಟ್ಟುಬಿಟ್ಟರೆ ಎರಡು ಸಲ ಫ್ರೀ, ಆಮೇಲೆ ಎಲ್ಲೋ ಸಂಬಂಧವೇ ಇಲ್ಲದ ಜಾಗದಲ್ಲಿ ಕ್ರ್ಯಾಶ್. ಬ್ರಾಡ್‌ಕಾಸ್ಟ್ ಮತ್ತು ಮಲ್ಟಿಕಾಸ್ಟ್ ಪಿಂಗ್‌ಗೆ ಅದು ಮೂಲದಲ್ಲಿ ಉತ್ತರವನ್ನೇ ಕೊಡುವುದಿಲ್ಲ. ಬೇಕಿದ್ದವರು ಆಯ್ಕೆ ಆನ್ ಮಾಡಿಕೊಳ್ಳಬೇಕು. ಒಳ್ಳೆಯ ತೀರ್ಮಾನ ಅನ್ನುವುದು ನನ್ನ ಅಭಿಪ್ರಾಯ.

ತೋಟದನೋಡ್

ಇಷ್ಟೆಲ್ಲ ಕಷ್ಟ ಏಕೆ? ಐಸಿಎಂಪಿಯನ್ನೇ ಮುಚ್ಚಿಬಿಟ್ಟರೆ ಆಗುವುದಿಲ್ಲವೇ? ನಾನು ಹೋದಲ್ಲೆಲ್ಲ ಫೈರ್‌ವಾಲ್‌ನವರು ಹಾಗೇ ಮಾಡುತ್ತಾರೆ. ಪಿಂಗ್ ಬೇಡ, ಏನೂ ಬೇಡ. ಡೇಟಾ ಯುಡಿಪಿಯಲ್ಲಿ ಹೋಗುತ್ತದೆ.

ರಾತ್ರಿಪಾಳಿ

ದಯವಿಟ್ಟು ಹಾಗೆ ಮಾಡಬೇಡಿ. ಐಪಿವಿ4 ಕಾಲದ ಆ ಅಭ್ಯಾಸ ಐಪಿವಿ6ಗೆ ತಂದರೆ ಜಾಲವೇ ನಿಲ್ಲುತ್ತದೆ.

ಐಪಿವಿ4ನಲ್ಲಿ ಪಕ್ಕದವನ ಮ್ಯಾಕ್ ವಿಳಾಸ ಹುಡುಕಲು ಎಆರ್‌ಪಿ ಇತ್ತು, ಅದು ಐಸಿಎಂಪಿ ಹೊರಗಿನದ್ದು. ಐಪಿವಿ6ನಲ್ಲಿ ಆ ಕೆಲಸ ನೇಬರ್ ಡಿಸ್ಕವರಿಯದ್ದು. ಅದರ ಐದೂ ಸಂದೇಶಗಳು, 133ರಿಂದ 137, ಐಸಿಎಂಪಿ6 ಒಳಗೇ ಇವೆ. ರೂಟರ್ ಯಾರು, ಪ್ರಿಫಿಕ್ಸ್ ಯಾವುದು ಎಲ್ಲ ಅಲ್ಲೇ. ನಿಮ್ಮ ಆರ್‌ಪಿಎಲ್ ಕೂಡ ಅಷ್ಟೇ: ಟೈಪ್ 155. ಕೋಡ್ 0 ಡಿಐಎಸ್, 1 ಡಿಐಒ, 2 ಡಿಎಒ. ಐಸಿಎಂಪಿ6 ಮುಚ್ಚಿದರೆ ನೋಡ್‌ಗೆ ಪೇರೆಂಟೇ ಸಿಗುವುದಿಲ್ಲ. ಆಮೇಲೆ ಯುಡಿಪಿ ಹೋಗುವುದು ಎಲ್ಲಿಗೆ?

ಫೈರ್‌ವಾಲ್‌ನವರಿಗೂ 2007ರಿಂದ ಆರ್‌ಎಫ್‌ಸಿ 4890 ಇದೆ, ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬಹುದು ಅಂತ. ಅದರಂತೆ ಬಾರ್ಡರ್ ರೂಟರ್‌ನಲ್ಲಿ (ನಿಮ್ಮ ಜಾಲವನ್ನು ಹೊರಗಿನ ಇಂಟರ್ನೆಟ್‌ಗೆ ಜೋಡಿಸುವ ರೂಟರ್) ಹೊರಗಿನಿಂದ ಬರುವುದನ್ನು ಸೋಸಿ, ಅದು ಸರಿ. ನೋಡ್ ಒಳಗೆ ಮುಚ್ಚಬೇಡಿ. ಪಿಂಗ್ ಕೂಡ ಉಳಿಸಿಕೊಳ್ಳಿ ಅನ್ನುತ್ತೇನೆ. ಮರದ ಮೇಲೋ ಕಂಬದ ಮೇಲೋ ಇರುವ ನೋಡ್ ಬದುಕಿದೆಯೇ, ಮಧ್ಯದ ದಾರಿ ಸರಿ ಇದೆಯೇ ಅಂತ ಕೂತಲ್ಲೇ ತಿಳಿಯಲು ಅದಕ್ಕಿಂತ ಸುಲಭದ ಸಾಧನ ಇಲ್ಲ.

ಬಂದ ಸಂದೇಶ ಅರ್ಥ ಆಗದಿದ್ದರೆ ಏನು ಮಾಡಬೇಕು ಅನ್ನುವುದಕ್ಕೂ 4443ರಲ್ಲಿ ಸ್ಪಷ್ಟ ನಿಯಮ ಇದೆ. ಟೈಪ್ 0ರಿಂದ 127 ದೋಷದ ಸಂದೇಶ, 128ರಿಂದ 255 ಮಾಹಿತಿಯ ಸಂದೇಶ. ಗೊತ್ತಿಲ್ಲದ ಮಾಹಿತಿ ಸಂದೇಶ ಬಂದರೆ ಸದ್ದಿಲ್ಲದೆ ಬೀಳಿಸಿ. ಗೊತ್ತಿಲ್ಲದ ದೋಷ ಸಂದೇಶವನ್ನು ಮೇಲಿನ ಪದರಕ್ಕೆ ತಿಳಿಸಿ. ದೋಷ ಸಂದೇಶಕ್ಕೆ ಮಾತ್ರ ಎಂದೂ ಇನ್ನೊಂದು ದೋಷ ಸಂದೇಶದಿಂದ ಉತ್ತರಿಸಬೇಡಿ. ಇಲ್ಲದಿದ್ದರೆ ಎರಡು ನೋಡ್‌ಗಳು ಒಬ್ಬರಿಗೊಬ್ಬರು ದೂರು ಹೇಳುತ್ತಲೇ ಇರುತ್ತವೆ. ನಾವು ಕಳಿಸುವ ದೋಷ ಸಂದೇಶಗಳಿಗೆ ವೇಗದ ಮಿತಿಯೂ ಇರಲೇಬೇಕು. ಬ್ಯಾಟರಿಯ ನೋಡ್‌ನಲ್ಲಿ ಈ ಮಿತಿ ಜಾಲಕ್ಕಿಂತ ಹೆಚ್ಚಾಗಿ ಬ್ಯಾಟರಿಯನ್ನೇ ಕಾಯುತ್ತದೆ. ಮುಚ್ಚಿದ ಪೋರ್ಟಿಗೆ ಯಾರೋ ಯುಡಿಪಿ ಸುರಿಯುತ್ತಿದ್ದರೆ ಪ್ರತಿಯೊಂದಕ್ಕೂ "ಪೋರ್ಟ್ ಇಲ್ಲ" ಅಂತ ರೇಡಿಯೊ ಆನ್ ಮಾಡಿ ಹೇಳುತ್ತ ಕೂರಬಾರದು.

ತೋಟದನೋಡ್

ಆರ್‌ಪಿಎಲ್ ಪೂರ್ತಿ ಐಸಿಎಂಪಿ6 ಮೇಲೇ ನಿಂತಿದೆ ಅಂತ ಗೊತ್ತಿರಲಿಲ್ಲ. ಧನ್ಯವಾದ. ಬಾರ್ಡರ್ ರೂಟರ್‌ನಲ್ಲೇ ಸೋಸುತ್ತೇನೆ.

ಅಳತೆಗೋಲು

ಎಲ್ಲರೂ ಬಫರ್ ಯಾರದ್ದು ಅಂತ ಹೇಳಿದಿರಿ. ನಾನು ಭದ್ರತೆಯ ಕಡೆಯವನು. ಉದ್ದದ ಬಗ್ಗೆ ಹೇಳಬೇಕು, ಏಕೆಂದರೆ ಈ ಸ್ಟ್ಯಾಕ್‌ಗಳಲ್ಲಿ ಸಿಕ್ಕ ರಂಧ್ರಗಳಲ್ಲಿ ಬಹಳಷ್ಟು "ಪ್ಯಾಕೆಟ್ ಹೇಳಿದ ಉದ್ದ ನಂಬಿದ್ದು" ಅನ್ನುವ ಜಾತಿಯವು. ಐಸಿಎಂಪಿ ಬಂದಾಗ ಲಾಗಿನ್ ಇಲ್ಲ, ಕನೆಕ್ಷನ್ ಇಲ್ಲ, ಪೋರ್ಟ್ ತೆರೆದಿರಬೇಕು ಅನ್ನುವುದೂ ಇಲ್ಲ. ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ಆ ಕೋಡನ್ನು ಓಡಿಸಬಹುದು.

ಕಾಂಟಿಕಿ-ಎನ್‌ಜಿಯದ್ದೇ ಉದಾಹರಣೆ: ಸಿವಿಇ-2021-21279 (ಸಿವಿಇ ಅಂದರೆ ಬಹಿರಂಗವಾದ ಭದ್ರತಾ ರಂಧ್ರಗಳ ಪಟ್ಟಿಯಲ್ಲಿನ ಸಂಖ್ಯೆ). 4.6ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ನೇಬರ್ ಸಾಲಿಸಿಟೇಶನ್ ಸಂದೇಶ ಓದುವಾಗ ಕೊನೆಯಿಲ್ಲದ ಲೂಪ್‌ಗೆ ಬೀಳಿಸಬಹುದಿತ್ತು. ಲಿನಕ್ಸ್‌ನಲ್ಲಿ ಒಂದು ಪ್ರೊಸೆಸ್ ಲೂಪ್‌ಗೆ ಬಿದ್ದರೆ ಉಳಿದವು ನಡೆಯುತ್ತವೆ. ಕಾಂಟಿಕಿಯಲ್ಲಿ ಪ್ರೊಸೆಸ್ ತಾನಾಗಿ ಬಿಟ್ಟುಕೊಟ್ಟರಷ್ಟೇ ಇನ್ನೊಬ್ಬರಿಗೆ ಅವಕಾಶ. ಹಾಗಾಗಿ ನೆಟ್‌ವರ್ಕ್ ಕೋಡ್ ಸಿಕ್ಕಿಕೊಂಡರೆ ಇಡೀ ನೋಡ್ ಸಿಕ್ಕಿಕೊಂಡ ಹಾಗೆ.

ಇಂಥ ಲೂಪ್ ಹೇಗೆ ಹುಟ್ಟುತ್ತದೆ ಅಂತ ಹತ್ತಿರದಿಂದ ನೋಡಿ. ನೇಬರ್ ಡಿಸ್ಕವರಿ ಸಂದೇಶದ ಕೊನೆಯಲ್ಲಿ ಆಪ್ಷನ್‌ಗಳ ಸಾಲು ಇರುತ್ತದೆ. ಪ್ರತಿ ಆಪ್ಷನ್‌ನಲ್ಲಿ ಒಂದು ಬೈಟ್ ಟೈಪ್, ಒಂದು ಬೈಟ್ ಉದ್ದ. ಆ ಉದ್ದ 8 ಬೈಟ್‌ಗಳ ಲೆಕ್ಕದಲ್ಲಿ. ಒಂದು ಓದಿ, ಉದ್ದದಷ್ಟು ಮುಂದೆ ಹೋಗಿ, ಮುಂದಿನದು ಓದುವ ಲೂಪ್. ಉದ್ದ ಸೊನ್ನೆ ಅಂತ ಬಂದರೆ? ಇದ್ದಲ್ಲೇ ಇರುತ್ತೀರಿ. ಅದಕ್ಕೇ ಆರ್‌ಎಫ್‌ಸಿ 4861 ಹೇಳುವುದು: ಉದ್ದ ಸೊನ್ನೆ ಇರುವ ಆಪ್ಷನ್ ಕಂಡರೆ ಇಡೀ ಪ್ಯಾಕೆಟ್ ಬೀಳಿಸಿ. ಸೊನ್ನೆ ಮಾತ್ರ ತಡೆದರೆ ಸಾಲದು. ಎಷ್ಟು ಮುಂದೆ ಬಂದೆವು ಅನ್ನುವ ಲೆಕ್ಕವನ್ನು ಯಾರಾದರೂ 8 ಬಿಟ್ಟಿನಲ್ಲಿ ಇಟ್ಟಿದ್ದರೆ, ಉದ್ದ 32 ಅಂತ ಬಂದಾಗ 32×8 = 256. 8 ಬಿಟ್ಟಿನಲ್ಲಿ 256 ಅಂದರೆ ಸೊನ್ನೆ. ಮತ್ತೆ ಅದೇ ಜಾಗ. ರ‍್ಯಾಮ್ ಉಳಿಸಲು ಚಿಕ್ಕ ವೇರಿಯೇಬಲ್ ಇಡುವುದು ಈ ಕೆಲಸದಲ್ಲಿ ಎಲ್ಲರಿಗೂ ರೂಢಿ. ಉದ್ದದ ಲೆಕ್ಕದಲ್ಲಿ ಮಾತ್ರ ಆ ಉಳಿತಾಯ ಬೇಡ.

ಇನ್ನೊಂದು ಸಿವಿಇ-2021-32771, ಆರ್‌ಪಿಎಲ್-ಕ್ಲಾಸಿಕ್‌ನಲ್ಲಿ. ಐಪಿವಿ6 ವಿಳಾಸ 128 ಬಿಟ್. ಡಿಎಒ ಸಂದೇಶದಲ್ಲಿ ಪ್ರಿಫಿಕ್ಸ್ ಉದ್ದಕ್ಕೆ ಒಂದು ಬೈಟ್ ಇದೆ, ಅಂದರೆ 255ರವರೆಗೂ ಬರೆಯಬಹುದು. 128 ಮೀರಿದರೆ ಅನ್ನುವ ಪರೀಕ್ಷೆ ಇಲ್ಲದಿದ್ದರೆ 16 ಬೈಟಿನ ಜಾಗಕ್ಕೆ ಅದಕ್ಕಿಂತ ಜಾಸ್ತಿ ಕಾಪಿ ಆಗುತ್ತದೆ. ಇದು ಕಾಂಟಿಕಿಯೊಂದರ ಕಥೆಯೂ ಅಲ್ಲ. 2018ರಲ್ಲಿ ಫ್ರೀಆರ್‌ಟಿಓಎಸ್‌ನ ಟಿಸಿಪಿ/ಐಪಿಯಲ್ಲಿ ಹೊರಬಂದ ಪಟ್ಟಿಯಲ್ಲಿ ಐಸಿಎಂಪಿ ಪ್ಯಾಕೆಟ್ ಓದುವಾಗ ಮೆಮೊರಿಯ ಮಾಹಿತಿ ಸೋರುವ ರಂಧ್ರವೂ ಇತ್ತು (ಸಿವಿಇ-2018-16527).

ಬೆಸುಗೆಕಡ್ಡಿ ಅವರೇ, ನಿಮ್ಮ ಹ್ಯಾಂಡ್ಲರ್‌ಗೂ ಇದು ಅನ್ವಯ. ಗುಂಪಿನ ಸಂಖ್ಯೆಯ ಬೈಟ್ ಓದುವ ಮೊದಲು ಅದು ಬಂದಿದೆಯೇ ಅಂತ ನೋಡುತ್ತೀರಾ? ಐಪಿವಿ6 ಹೆಡರ್ 40, ಐಸಿಎಂಪಿಯದ್ದು 4. ಆದರೆ 44ನ್ನು ನೇರವಾಗಿ ಕಳೆಯಬೇಡಿ. ನಡುವೆ ಹಾಪ್-ಬೈ-ಹಾಪ್ ಹೆಡರ್ ಇದ್ದರೆ ಪೇಲೋಡ್ ಮುಂದೆ ಸರಿದಿರುತ್ತದೆ. ಎಕ್ಸ್‌ಟೆನ್ಷನ್ ಉದ್ದವನ್ನೂ ಸೇರಿಸಿದ ಮ್ಯಾಕ್ರೊ ಇದೆ, ಅದನ್ನೇ ಬಳಸಿ. ಚಿಕ್ಕ ಪ್ಯಾಕೆಟ್ ಬಂದರೆ ಬಫರಿನಲ್ಲಿ ಹಿಂದಿನ ಪ್ಯಾಕೆಟ್ಟಿನ ಬೈಟ್ ಉಳಿದಿರುತ್ತದೆ, ನೀವು ಅದನ್ನು ಓದಿ ಉತ್ತರ ಕೊಡುತ್ತೀರಿ. ಇನ್ನೂ ಒಂದು: ಮೂಲ ವಿಳಾಸ ಲಿಂಕ್-ಲೋಕಲ್ ಅಲ್ಲದಿದ್ದರೆ ಬೀಳಿಸಿ. ಅಕ್ಕಪಕ್ಕದವರ ಮಾತು ಅಕ್ಕಪಕ್ಕದಲ್ಲೇ ಇರಲಿ. ರೂಟರ್‌ಗಳು ಲಿಂಕ್-ಲೋಕಲ್ ಪ್ಯಾಕೆಟ್ ದಾಟಿಸುವಂತಿಲ್ಲ, ಹಾಗಾಗಿ ಇಂಟರ್ನೆಟ್‌ನಲ್ಲಿ ಕೂತವನಿಗೆ ಈ ಬಾಗಿಲು ಇಲ್ಲ. ರೇಡಿಯೊ ಹಿಡಿದು ತೋಟದ ಬೇಲಿ ಪಕ್ಕ ನಿಂತವನಿಗೆ ಇದೆ. ಅದಕ್ಕೆ 802.15.4ರ ಎನ್‌ಕ್ರಿಪ್ಷನ್ ಆನ್ ಮಾಡುವುದೇ ದಾರಿ.

ಬೆಸುಗೆಕಡ್ಡಿ

ಎಲ್ಲರಿಗೂ ಧನ್ಯವಾದ. ಡಿಸ್ಕಾರ್ಡ್ ಲೇಬಲ್ ಹಾಕಿ, ಉದ್ದ ಮತ್ತು ಲಿಂಕ್-ಲೋಕಲ್ ಪರೀಕ್ಷೆ ಸೇರಿಸಿದೆ. ಗದ್ದಲ ನಿಂತಿತು. ಸ್ನಿಫರ್‌ನಲ್ಲಿ ಈಗ ಒಂದು ಪ್ರಶ್ನೆ, ಆ ಗುಂಪಿನವರ ಉತ್ತರ, ಅಷ್ಟೇ.

ಆದರೆ ಉತ್ತರಗಳು ಕೆಲವು ಕಾಣೆ ಆಗುತ್ತಿವೆ. ಹ್ಯಾಂಡ್ಲರ್ ಒಳಗೇ ಬ್ಯಾಟರಿ ಅಳೆಯುತ್ತಿದ್ದೇನೆ. ವೋಲ್ಟೇಜ್ ಡಿವೈಡರ್ ಆನ್ ಮಾಡಿ ಅದು ಸ್ಥಿರ ಆಗುವ ತನಕ ಕಾಯಬೇಕು. ಆ ಕಾಯುವಿಕೆ ತೊಂದರೆ ಕೊಡುತ್ತಿದೆಯೇ?

ಹಳೇಬಫರ್

ಕೊಡುತ್ತಿದೆ, ಎರಡು ರೀತಿಯಲ್ಲಿ. ನೀವು ಹ್ಯಾಂಡ್ಲರ್ ಒಳಗೆ ಕಾಯುವಾಗ ಯುಐಪಿ_ಬಫ್ ನಿಮ್ಮ ಕೈಯಲ್ಲಿದೆ. ಆ ಹೊತ್ತಿಗೆ ರೇಡಿಯೊಗೆ ಬಂದದ್ದನ್ನು ಎತ್ತಿಕೊಳ್ಳುವವರಿಲ್ಲ. ಇದು ಒಂದು. ಇನ್ನೊಂದು, ಎಲ್ಲ ನೋಡ್‌ಗಳೂ ಪ್ರಶ್ನೆ ಕೇಳಿದ್ದು ಒಂದೇ ಕ್ಷಣಕ್ಕೆ, ಕಾಯುವುದು ಒಂದೇ ಅವಧಿ. ಹಾಗಾಗಿ ಉತ್ತರಗಳೂ ಒಂದೇ ಕ್ಷಣಕ್ಕೆ ಹೊರಟು ಗಾಳಿಯಲ್ಲಿ ಡಿಕ್ಕಿ ಹೊಡೆಯುತ್ತವೆ.

ಹ್ಯಾಂಡ್ಲರ್‌ನಲ್ಲಿ ಕೆಲಸ ಮಾಡಬೇಡಿ, ಕೆಲಸ ಬಂದಿದೆ ಅಂತ ಗುರುತು ಮಾಡಿಕೊಂಡು ಹೊರಡಿ. ಕೇಳಿದವನ ವಿಳಾಸವನ್ನು ನಿಮ್ಮ ಸ್ಟ್ಯಾಟಿಕ್ ವೇರಿಯೇಬಲ್‌ಗೆ ಕಾಪಿ ಮಾಡಿ. ಪಾಯಿಂಟರ್ ಇಟ್ಟುಕೊಳ್ಳಬೇಡಿ, ಬಫರಿನಲ್ಲಿ ಮುಂದಿನ ಕ್ಷಣ ಬೇರೆ ಪ್ಯಾಕೆಟ್ ಇರುತ್ತದೆ. ಡಿವೈಡರ್ ಆನ್ ಮಾಡಿ, ಸಿಟೈಮರ್ ಒಂದನ್ನು ಹೊಂದಿಸಿ, ಬಫರ್ ಖಾಲಿ ಮಾಡಿ ಬನ್ನಿ. ಟೈಮರಿನ ಅವಧಿಗೆ ಡಿವೈಡರ್ ಸ್ಥಿರ ಆಗಲು ಬೇಕಾದಷ್ಟರ ಮೇಲೆ ಅರ್ಧ ಸೆಕೆಂಡಿನೊಳಗಿನ ಯಾದೃಚ್ಛಿಕ ಸಮಯ ಸೇರಿಸಿ. ಪ್ರತಿ ನೋಡ್‌ನಲ್ಲಿ ರ‍್ಯಾಂಡಮ್‌ನ ಬೀಜ ಬೇರೆ ಇದೆಯೇ ಅಂತಲೂ ನೋಡಿ. ಒಂದೇ ಬೀಜ ಇದ್ದರೆ ಎಲ್ಲರ "ಯಾದೃಚ್ಛಿಕ" ಒಂದೇ ಆಗುತ್ತದೆ. ಟೈಮರ್ ಮುಗಿದಾಗ ಕಾಲ್‌ಬ್ಯಾಕ್‌ನಲ್ಲಿ ಅಳೆದು, ಪೇಲೋಡ್ ಬರೆದು ಕಳಿಸಿ. ಆ ಹೊತ್ತಿಗೆ ಬಫರನ್ನು ಬೇರೆ ಯಾರೂ ಅರ್ಧಕ್ಕೆ ಹಿಡಿದಿರುವುದಿಲ್ಲ, ಸರದಿಯಲ್ಲಿ ನಡೆಯುವ ವ್ಯವಸ್ಥೆಯ ಒಳ್ಳೆಯ ಮುಖ ಅದು.

ಟೈಮರ್ ಇನ್ನೂ ಓಡುತ್ತಿರುವಾಗ ಎರಡನೇ ಪ್ರಶ್ನೆ ಬಂದರೆ ಸುಮ್ನೆ ಬೀಳಿಸಿ. ಇದರಿಂದ ನಿಮಗೆ ವೇಗದ ಮಿತಿ ಪುಕ್ಕಟೆ ಸಿಕ್ಕ ಹಾಗೂ ಆಯಿತು. ಯಾರಾದರೂ ಬೇಕಂತಲೇ ಪ್ರಶ್ನೆ ಸುರಿದರೂ ನೋಡ್ ಟೈಮರಿಗೊಂದೇ ಉತ್ತರ ಕೊಡುತ್ತದೆ.

ಮೊದಲಪಿಂಗ್

ಇದನ್ನೆಲ್ಲ ಕೂಜಾ ಸಿಮ್ಯುಲೇಟರ್‌ನಲ್ಲಿ ಮಾಡಿ ನೋಡುತ್ತಿದ್ದೇನೆ. ಬಫರ್ ಖಾಲಿ ಮಾಡದ ಹ್ಯಾಂಡ್ಲರ್ ಹಾಕಿದಾಗ ರೇಡಿಯೊ ಸಾಲು ಪೂರ್ತಿ ಬಣ್ಣ ತುಂಬಿಕೊಂಡಿತು, 8 ಬೈಟಿನ ವ್ಯತ್ಯಾಸವೂ ಕಂಡಿತು! ಒಂದು ಕೊನೆಯ ಸಂದೇಹ. ಪಿಂಗ್ ಬಂದಾಗ ಎಲ್‌ಇಡಿ ಬೆಳಗಲಿ ಅಂತ ಟೈಪ್ 128ಕ್ಕೆ ನನ್ನದೇ ಹ್ಯಾಂಡ್ಲರ್ ನೋಂದಾಯಿಸಿದೆ. ಅದನ್ನು ಕರೆಯುತ್ತಲೇ ಇಲ್ಲ.

ರಾತ್ರಿಪಾಳಿ

ಮೇಲೆ ಹೇಳಿದ "ಮೊದಲು ಹೊಂದಿದವನೊಬ್ಬನಿಗೇ" ಅನ್ನುವುದು ಇದೇ. ಹೊಸ ಹ್ಯಾಂಡ್ಲರ್ ಪಟ್ಟಿಯ ಬಾಲಕ್ಕೆ ಸೇರುತ್ತದೆ. 128ರ ಹ್ಯಾಂಡ್ಲರನ್ನು ಸ್ಟ್ಯಾಕ್ ಶುರುವಾಗುವಾಗಲೇ ಸೇರಿಸಿರುತ್ತದೆ, ನಿಮ್ಮ ಅಪ್ಲಿಕೇಶನ್ ಏಳುವುದು ಆಮೇಲೆ. ಹುಡುಕಾಟ ನಿಮ್ಮವರೆಗೆ ಬರುವುದೇ ಇಲ್ಲ.

ನೀವೇ ಪಿಂಗ್ ಕಳಿಸಿ ಅದರ ಉತ್ತರ ಬಂದದ್ದು ತಿಳಿಯಬೇಕಿದ್ದರೆ ಎಕೋ ರಿಪ್ಲೈಗೆ ಕಾಲ್‌ಬ್ಯಾಕ್ ಸೇರಿಸುವ ಫಂಕ್ಷನ್ ಬೇರೆ ಇದೆ, ಅದರಲ್ಲಿ ಎಷ್ಟು ಜನ ಬೇಕಾದರೂ ಸೇರಬಹುದು. ಬಂದ ರಿಕ್ವೆಸ್ಟ್‌ಗೆ ಎಲ್‌ಇಡಿ ಬೆಳಗಿಸಲು ಸ್ಟ್ಯಾಕ್‌ನ ಎಕೋ ಹ್ಯಾಂಡ್ಲರ್ ಒಳಗೇ ಒಂದು ಸಾಲು ಹಾಕಿ ನೋಡಿ. ಕಲಿಯಲು ಅಷ್ಟು ಸಾಕು.

ನೋಂದಾಯಿಸುವ ಸ್ಟ್ರಕ್ಚರನ್ನು ಫಂಕ್ಷನ್ ಒಳಗಿನ ಸಾಮಾನ್ಯ ವೇರಿಯೇಬಲ್ ಆಗಿ ಬರೆದಿದ್ದರೆ ಅದನ್ನೂ ಬದಲಿಸಿ. ಪಟ್ಟಿಯಲ್ಲಿ ಉಳಿಯುವುದು ಅದರ ಪಾಯಿಂಟರ್ ಮಾತ್ರ, ಫಂಕ್ಷನ್ ಮುಗಿದರೆ ಆ ಜಾಗ ಬೇರೆಯವರದ್ದು. ಯುಐಪಿ_ಐಸಿಎಂಪಿ6_ಹ್ಯಾಂಡ್ಲರ್ ಅನ್ನುವ ಮ್ಯಾಕ್ರೊ ಬಳಸಿ, ಅದು ಸ್ಟ್ಯಾಟಿಕ್ ಮಾಡಿಯೇ ಕೊಡುತ್ತದೆ.